ಕಿರುನಾಣ್ಯಗಳ ಛಾಯಾಗ್ರಹಣದಲ್ಲಿ ಫೋಕಸಿಂಗ್ ರೈಲು

ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಚಿನ್ನದ ಹಣವು ತೊಗರಿಬೇಳೆಯಷ್ಟು ಕಿರಿದು. ಒಂದು ಮುಖದಲ್ಲಿ ನರಸಿಂಹಮೂರ್ತಿ, ಮತ್ತೊಂದರಲ್ಲಿ ನಾಗರೀ ಲಿಪಿಯ ಹೆಸರು. ಅಕ್ಷರದ ಒಂದು ಗೆರೆ ಮಸುಕಾದರೂ ಓದು ತಪ್ಪೀತು.

ಇಂತಹ ನಾಣ್ಯವನ್ನು ಎರಡರಷ್ಟು ವರ್ಧಿಸಿ ಚಿತ್ರಿಸುವಾಗ, ಪೂರ್ಣಚೌಕಟ್ಟಿನ ಕ್ಯಾಮೆರಾದಲ್ಲಿ, ಎಫ್/8 ರಂಧ್ರದಲ್ಲಿಯೂ, ಸ್ಪಷ್ಟತೆಯ ಆಳವು ಮಿಲಿಮೀಟರಿನ ಮೂರರಲ್ಲೊಂದು ಪಾಲಿನಷ್ಟೇ. ಮಸೂರದ ಬಳೆಯನ್ನು ತಿರುಗಿಸಿದರೆ ವರ್ಧನೆಯೇ ಬದಲಾಗುತ್ತದೆ. ಆದುದರಿಂದ ಬಳೆಯನ್ನು ಮುಟ್ಟದೆ, ಕ್ಯಾಮೆರಾವನ್ನೇ ತಿರುಪಿನಿಂದ ಸರಿಸುವ ಫೋಕಸಿಂಗ್ ರೈಲು ಬೇಕಾಗುತ್ತದೆ.

ಆರಿಸುವಾಗ ರೈಲಿನ ಉದ್ದಕ್ಕಿಂತ ತಿರುಪಿನ ನಯವು ಮುಖ್ಯ. ಕ್ಯಾಮೆರಾ ಕೆಳಮುಖವಾಗಿರುವುದರಿಂದ, ಬಿಗಿದ ಮೇಲೆ ಅದು ಭಾರಕ್ಕೆ ಜಾರಕೂಡದು. ಒಂದು ಸುತ್ತಿಗೆ 1 ಮಿ.ಮೀ. ಸರಿಯುವ ರೈಲಿನಲ್ಲಿ ಕಾಲುಸುತ್ತಿಗೊಂದರಂತೆ ಚಿತ್ರ ತೆಗೆದರೆ, ಒಂದರ ಸ್ಪಷ್ಟಭಾಗವು ಮುಂದಿನದರೊಡನೆ ಕೂಡಿಕೊಳ್ಳುತ್ತದೆ. ತಿರುಪಿನ ಸಡಿಲು ಬಾಧಿಸದಂತೆ ಸದಾ ಒಂದೇ ದಿಕ್ಕಿಗೆ ತಿರುಗಿಸಬೇಕು. ಮಾಕಳಿಯ ನನ್ನ ಕೋಣೆಯಲ್ಲಿ ತುಮಕೂರು ಹೆದ್ದಾರಿಯ ಲಾರಿಗಳ ಕಂಪನವೂ ಚಿತ್ರವನ್ನು ಕದಡಿದ್ದುಂಟು; ಸಂಚಾರದ ಬಿಡುವನ್ನು ಕಾಯುವುದೇ ಉಪಾಯವಾಯಿತು.

ಕಡೆಯದಾಗಿ ಒಂದು ಎಚ್ಚರಿಕೆ. ಗಣಕದಲ್ಲಿ ಈ ಚಿತ್ರಗಳನ್ನು ಜೋಡಿಸುವಾಗ ನಾಣ್ಯದಲ್ಲಿಲ್ಲದ ಅಂಚುಗಳು ಮೂಡಬಹುದು. ಸಂದೇಹ ಬಂದಾಗ ಒಪ್ಪಿಟ್ಟು ನೋಡಲು ಬಿಡಿಚಿತ್ರಗಳನ್ನೂ ಅಳತೆಪಟ್ಟಿಯನ್ನೂ ಉಳಿಸಿಕೊಳ್ಳದಿದ್ದಲ್ಲಿ, ಎಷ್ಟೇ ಸುಂದರವಾದ ಚಿತ್ರವೂ ಇತಿಹಾಸಕ್ಕೆ ಆಧಾರವಾಗಲಾರದು.