ಮೇಲೆ ಥಳಕು, ಅಡಿಯಲ್ಲಿ ತುಕ್ಕು

ಹಳೆಯ ಅಂಬಾಸಡರ್ ಕಾರನ್ನು ಹೊಸದರಂತೆ ಮಾಡಿಸಿಕೊಂಡವರು ಮೊದಲು ತೋರಿಸುವುದು ಅದರ ಬಣ್ಣವನ್ನು, ಆಮೇಲೆ ಕನ್ನಡಿಯಂತೆ ಹೊಳೆಯುವ ಬಂಪರನ್ನು. ಬಗ್ಗಿ ಕಾರಿನ ಅಡಿಯನ್ನು ನೋಡುವವರು ವಿರಳ. ಆದರೆ ಅದರ ಆಯುಸ್ಸು ನಿರ್ಧಾರವಾಗುವುದು ಅಲ್ಲಿಯೇ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಕಾರಿದು. ಲಾರಿಗಿರುವಂತೆ ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗಿನ ಪೊಳ್ಳು ತೊಲೆಗಳು, ಮೇಲಿನ ಒಡಲು ಎಲ್ಲವೂ ಬೆಸೆದು ಒಂದಾಗಿ ಭಾರ ಹೊರುತ್ತವೆ. ಅಡಿಯ ತಗಡು ತುಕ್ಕು ಹಿಡಿದರೆ ಕೆಡುವುದು ಬರೀ ಅಂದವಲ್ಲ, ಕಾರಿನ ಬಲ. ಅಪಘಾತವಾದಾಗ ಒಳಗಿರುವವರನ್ನು ಕಾಯಬೇಕಾದದ್ದೂ ಇದೇ ತಗಡು.

ತುಕ್ಕು ಹಿಡಿಯಲು ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಅಯಾನು ಆಗುತ್ತದೆ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಸುಲಭವಾಗಿ ಹರಿದು ಈ ಕ್ರಿಯೆ ಚುರುಕಾಗುತ್ತದೆ. ಮಂಗಳೂರು, ಕಾರವಾರಗಳ ಕಡಲ ಗಾಳಿಯಲ್ಲಿ ವಾಹನಗಳು ಬೇಗ ಸವೆಯುವುದಕ್ಕೆ ಕಾರಣ ಇದೇ. ಇನ್ನೊಂದು ತೊಂದರೆಯೆಂದರೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಹೀಗಾಗಿ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸಿ, ಹೊಸ ಕಬ್ಬಿಣವನ್ನು ನೀರಿಗೆ ಒಡ್ಡುತ್ತದೆ.

ಹಾಗಾದರೆ ಕಪ್ಪು ಡಾಂಬರಿನ ಲೇಪ ಬಳಿದರೆ ಸಾಲದೇ? ಸಾಲದು. ತುಕ್ಕಿನ ಮೇಲೆಯೇ ಬಳಿದ ಲೇಪ ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹೊಕ್ಕ ನೀರು ಆರದೆ ಅಲ್ಲೇ ಕೂರುತ್ತದೆ. ಹೊರಗೆ ಕಪ್ಪು ಚರ್ಮ, ಒಳಗೆ ಗೆದ್ದಲು ತಿಂದ ಮರದ ಸ್ಥಿತಿ! ಹಳೆಯ ಕಾರು ಕೊಳ್ಳುವ ಪಾಲಕರು, ಅಡಿಯಲ್ಲಿ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನಷ್ಟು ಎಚ್ಚರದಿಂದ ಪರೀಕ್ಷಿಸಬೇಕು.

ಸರಿಯಾದ ಕ್ರಮ ನಿಧಾನದ್ದು. ಮಣ್ಣು, ಗ್ರೀಸು, ಹಳೆಯ ಲೇಪ ತೆಗೆದು ತಗಡನ್ನು ಬೆತ್ತಲಾಗಿಸಬೇಕು. ತೂತಾದ ಕಡೆ ಪುಟ್ಟಿ ಮೆತ್ತದೆ ಹೊಸ ತಗಡನ್ನು ವೆಲ್ಡ್ ಮಾಡಿಸಬೇಕು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕನ್ನು ಫಾಸ್ಫಾರಿಕ್ ಆಮ್ಲದ ದ್ರಾವಣ ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಸುಮಾರು 1600 ವರ್ಷಗಳಿಂದ ನಿಂತಿರುವ ದೆಹಲಿಯ ಕಬ್ಬಿಣದ ಸ್ತಂಭವನ್ನು ಕಾಯುತ್ತಿರುವುದೂ ಫಾಸ್ಫೇಟಿನ ಪದರವೇ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿದರು. ತಗಡು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಬೆಸುಗೆಯ ಸಂದುಗಳಿಗೆ ಸೀಲರ್, ಕೊನೆಗೆ ಕಲ್ಲೇಟು ತಡೆಯುವ ಮೆತ್ತನೆಯ ಲೇಪ. ಪೊಳ್ಳು ತೊಲೆಗಳೊಳಗೆ ಮೇಣ ಸಿಂಪಡಿಸುವುದು ವೆಲ್ಡಿಂಗ್ ಮುಗಿದ ನಂತರವೇ. ಮೇಣಕ್ಕೆ ಬೆಂಕಿ ಹತ್ತೀತು. ನೀರು ಇಳಿಯುವ ರಂಧ್ರಗಳನ್ನು ಮಾತ್ರ ಮುಚ್ಚಕೂಡದು. ಸೈಲೆನ್ಸರ್, ಬ್ರೇಕಿನ ಭಾಗಗಳು, ರಬ್ಬರು ಬುಷ್‌ಗಳ ಮೇಲೆ ಲೇಪ ಬೀಳಬಾರದು.

ಕೆಲಸ ನೋಡಲು ಕುತೂಹಲವಿರುವ ಮಕ್ಕಳಿಗೆ ಎರಡು ಮಾತು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ನುಸುಳಬೇಡಿ, ಭದ್ರವಾದ ಸ್ಟ್ಯಾಂಡುಗಳಿರಲೇಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಉಜ್ಜುವಾಗ ಏಳುವ ಧೂಳಿನಿಂದ ದೂರವಿರಿ.

ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಮೂರು ಕಬ್ಬಿಣದ ಮೊಳೆಗಳನ್ನು ಉಪ್ಪುಕಾಗದದಿಂದ ಉಜ್ಜಿ. ಒಂದನ್ನು ಸಾದಾ ನೀರಿನಲ್ಲಿ, ಮತ್ತೊಂದನ್ನು ಉಪ್ಪುನೀರಿನಲ್ಲಿ ಇಡಿ. ಮೂರನೆಯದಕ್ಕೆ ಸತುವಿನ ಲೇಪವಿರುವ ಜಿಐ ತಂತಿ ಬಿಗಿಯಾಗಿ ಸುತ್ತಿ ಉಪ್ಪುನೀರಿನಲ್ಲೇ ಇಡಿ. ಒಂದು ವಾರ ದಿನವೂ ನೋಡಿ ಬರೆದಿಡಿ. ಸತು ಕಬ್ಬಿಣಕ್ಕಿಂತ ಚಟುವಟಿಕೆಯ ಲೋಹ. ಅದು ತಾನು ಕರಗುತ್ತಾ ಮೊಳೆಯನ್ನು ಉಳಿಸುತ್ತದೆ. ಪಠ್ಯಪುಸ್ತಕದ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಬಾಯಿಪಾಠ ಮಾಡುವ ಮೊದಲು ಆ ಮೂರು ಲೋಟಗಳನ್ನೊಮ್ಮೆ ನೋಡಿ.