ಅಗಲ ಟೈರಿಗೆ ಎಷ್ಟು ಗಾಳಿ?

ರೋಡ್ ಸೈಕಲ್ಲಿನ ಟೈರು ಈಚಿನ ವರ್ಷಗಳಲ್ಲಿ ದಪ್ಪವಾಗಿದೆ. 23 ಮಿ.ಮೀ. ಅಗಲದ ಟೈರು ಎಲ್ಲೆಡೆ ಇದ್ದ ಕಾಲ ಹೋಗಿ 28 ಮಿ.ಮೀ. ಸಾಮಾನ್ಯವಾಗಿದೆ, 30, 32 ಮಿ.ಮೀ. ಟೈರುಗಳು ವೃತ್ತಿಪರ ರೇಸುಗಳಲ್ಲೂ ಓಡುತ್ತಿವೆ. ಟೈರು ಬದಲಾದರೂ ಗಾಳಿಯ ಲೆಕ್ಕ ಮಾತ್ರ ಬಹಳ ಕಡೆ ಹಳೆಯದೇ ಉಳಿದಿದೆ. 23 ಮಿ.ಮೀ. ಟೈರಿಗೆ ಹೊಡೆಯುತ್ತಿದ್ದ 100–120 ಪಿಎಸ್‌ಐ ಗಾಳಿಯನ್ನೇ ಇಂದಿನ ಅಗಲ ಟೈರಿಗೂ ಹೊಡೆಯುವವರು ಕಡಿಮೆಯಿಲ್ಲ. ಅದರಿಂದ ವೇಗ, ಹಿಡಿತ, ಮೈಯ ನೆಮ್ಮದಿ ಮೂರೂ ಕೆಡುತ್ತವೆ. ಕೆಲವು ರಿಮ್ಮುಗಳಲ್ಲಿ ಅದು ನೇರ ಅಪಾಯ.

ತಪ್ಪು ಕಲ್ಪನೆ: ಟೈರು ಕಲ್ಲಿನಂತಿದ್ದಷ್ಟೂ ಸೈಕಲ್ ಜೋರಾಗಿ ಓಡುತ್ತದೆ

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ನೆಲ ಬಿಟ್ಟ ಕೂಡಲೇ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ನೆಟ್ಟಗಾಗುವ ಪ್ರತಿ ಸಲವೂ ರಬ್ಬರು ಮತ್ತು ಅದರೊಳಗಿನ ನೂಲಿನ ಪದರ ಪಡೆದ ಶಕ್ತಿಯನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಹೋಗುತ್ತದೆ. ಗಾಳಿ ಹೆಚ್ಚಿದ್ದರೆ ಟೈರು ಕಡಿಮೆ ಬಾಗುತ್ತದೆ, ನಷ್ಟವೂ ಕಡಿಮೆಯಾಗುತ್ತದೆ. ಪ್ರಯೋಗಾಲಯದಲ್ಲಿ ನುಣುಪಾದ ಉಕ್ಕಿನ ಡ್ರಮ್ಮಿನ ಮೇಲೆ ಟೈರು ಓಡಿಸಿದಾಗ ಕಾಣುವುದೂ ಇದೇ: ಒತ್ತಡ ಏರಿದಂತೆ ಪ್ರತಿರೋಧ ಇಳಿಯುತ್ತಲೇ ಹೋಗುತ್ತದೆ. ದಶಕಗಳ ಕಾಲ ಟೈರು ತಯಾರಕರೂ ರೇಸಿನವರೂ ನೆಚ್ಚಿಕೊಂಡಿದ್ದು ಈ ಡ್ರಮ್ಮಿನ ಅಂಕಿಗಳನ್ನೇ.

ಆದರೆ ಡ್ರಮ್ಮಿನ ಮೇಲೆ ಒರಟು ಡಾಂಬರೂ ಇಲ್ಲ, ಸವಾರನೂ ಇಲ್ಲ. ಡಾಂಬರಿನಿಂದ ಎರಡು ಮಿಲಿಮೀಟರ್ ಮೇಲೆದ್ದಿರುವ ಒಂದು ಜಲ್ಲಿಯ ತುಣುಕನ್ನು ತೆಗೆದುಕೊಂಡರೆ ಸಾಕು, ವ್ಯತ್ಯಾಸ ಕಾಣುತ್ತದೆ. ಗಾಳಿ ಹದವಾಗಿರುವ ಟೈರು ಆ ತುಣುಕನ್ನು ತನ್ನೊಳಕ್ಕೆ ಅದುಮಿಕೊಂಡು ದಾಟುತ್ತದೆ. ಚಕ್ರದ ಅಚ್ಚು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಮುಂದೆ ಸಾಗುತ್ತದೆ. ಗಟ್ಟಿಯಾಗಿ ಬಿಗಿದ ಟೈರು ಬಾಗಲಾರದೆ ಅದರ ಮೇಲೆ ಹತ್ತುತ್ತದೆ, ತನ್ನೊಂದಿಗೆ ಚಕ್ರವನ್ನೂ ಫ್ರೇಮನ್ನೂ ಸವಾರನನ್ನೂ ಎತ್ತುತ್ತದೆ. ಹೀಗೆ ಎತ್ತಲು ಬೇಕಾದ ಶಕ್ತಿ ಬರುವುದು ಮುಂದಕ್ಕೆ ಓಡುವ ವೇಗದಿಂದಲೇ. ಇಳಿಯುವಾಗ ಅದು ಪೂರ್ತಿ ಮರಳಿ ಸಿಗುವುದಿಲ್ಲ. ಸವಾರನ ಅಂಗೈ, ತೋಳು, ಸೊಂಟ, ತೊಡೆಗಳು ಅದುರಿ ಅದನ್ನು ಶಾಖವಾಗಿ ಕಳೆಯುತ್ತವೆ. ಒಂದು ತುಣುಕಿನ ನಷ್ಟ ಲೆಕ್ಕಕ್ಕೆ ಬಾರದು, ಆದರೆ ಒರಟು ರಸ್ತೆಯಲ್ಲಿ ಇಂಥ ತುಣುಕುಗಳಿಗೆ ಕೊನೆಯೇ ಇಲ್ಲ.

ಈ ನಷ್ಟವನ್ನು ಲೆಕ್ಕಕ್ಕೆ ತಂದವರಲ್ಲಿ ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ಒಬ್ಬರು. ಅವರು ಡ್ರಮ್ ಬಿಟ್ಟು ನಿಜವಾದ ರಸ್ತೆಯ ಮೇಲೆ, ಹೆದ್ದಾರಿಯ ಅಂಚಿನ ಅದುರುಪಟ್ಟಿಗಳ ಮೇಲೆ, ಸವಾರನನ್ನು ಕೂರಿಸಿಯೇ ಅಳೆದರು. ಚಕ್ರ ವಿನ್ಯಾಸದ ಎಂಜಿನಿಯರ್ ಜೋಶ್ ಪೋರ್ಟ್‌ನರ್ ಅವರ ಅಳತೆಗಳೂ ಅದೇ ದಿಕ್ಕನ್ನು ತೋರಿಸಿದವು. ಒತ್ತಡ ಏರಿಸುತ್ತಾ ಹೋದಂತೆ ಪ್ರತಿರೋಧ ಒಂದು ಹಂತದವರೆಗೆ ಮೆಲ್ಲಗೆ ಇಳಿಯುತ್ತದೆ. ಆ ಹಂತ ದಾಟಿದ ಮೇಲೆ ಥಟ್ಟನೆ ಏರತೊಡಗುತ್ತದೆ. ಇಳಿಯುವ ಗೆರೆ ಸಪಾಟು, ಏರುವ ಗೆರೆ ಕಡಿದು. ಹಾಗಾಗಿ ಸರಿಯಾದ ಒತ್ತಡಕ್ಕಿಂತ 10 ಪಿಎಸ್‌ಐ ಹೆಚ್ಚಾದರೆ ಆಗುವ ನಷ್ಟ, 10 ಪಿಎಸ್‌ಐ ಕಡಿಮೆಯಾದರೆ ಆಗುವ ನಷ್ಟಕ್ಕಿಂತ ದೊಡ್ಡದು. ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಬೇಕೆಂದರೆ ಇದನ್ನೇ ಇಟ್ಟುಕೊಳ್ಳಬೇಕು: ಅನುಮಾನವಿದ್ದಾಗ ತುಸು ಕಡಿಮೆಯೇ ಲೇಸು.

ರಸ್ತೆ ಒರಟಾದಷ್ಟೂ ಆ ಹಂತ ಬೇಗ ಬರುತ್ತದೆ. ಮರದ ಹಲಗೆ ಹಾಸಿದ ವೆಲೊಡ್ರೋಮಿನಲ್ಲಿ ಅದು ಬಹಳ ಮೇಲಿದೆ. ಟ್ರ್ಯಾಕ್ ಸವಾರರು ಇಂದಿಗೂ ಗಟ್ಟಿ ಟೈರು ಬಳಸುವುದು ಅದಕ್ಕೇ. ಹೊಸ ಡಾಂಬರಿನಲ್ಲಿ ಅದಕ್ಕಿಂತ ಕೆಳಗೆ, ಮೇಲ್ಮೈ ಕಿತ್ತು ಜಲ್ಲಿ ಕಾಣುವ ರಸ್ತೆಯಲ್ಲಿ ಇನ್ನೂ ಕೆಳಗೆ. ಕರ್ನಾಟಕದ ತಾಲ್ಲೂಕು ರಸ್ತೆಗಳಲ್ಲಿ ಸವಾರಿ ಮಾಡುವವರು ಯುರೋಪಿನ ನುಣ್ಣನೆಯ ರಸ್ತೆಗೆಂದು ಬರೆದ ಅಂಕಿಗಿಂತ ನಾಲ್ಕೈದು ಪಿಎಸ್‌ಐ ಇಳಿಸುವುದು ನ್ಯಾಯ.

ಗಟ್ಟಿ ಟೈರು ಜೋರಾಗಿ ಓಡಿದಂತೆ ಅನಿಸುವುದಂತೂ ನಿಜ. ವೇಗ ಹೆಚ್ಚಿದಾಗ ಹ್ಯಾಂಡಲ್ಲಿನ ಅದುರು ಹೆಚ್ಚುವುದನ್ನು ಮೈ ಅನುಭವದಿಂದ ಕಲಿತಿರುತ್ತದೆ. ಗಾಳಿ ಹೆಚ್ಚಿದಾಗಲೂ ಅದೇ ಅದುರು ಬರುವುದರಿಂದ ಅದನ್ನೂ ವೇಗವೆಂದೇ ಎಣಿಸುತ್ತದೆ. ಇಲ್ಲಿ ಮೈಯ ಮಾತು ಕೇಳಬಾರದು, ಗಡಿಯಾರದ ಮಾತು ಕೇಳಬೇಕು.

ತಪ್ಪು ಕಲ್ಪನೆ: ಅಗಲ ಟೈರು ನೆಲಕ್ಕೆ ಹೆಚ್ಚು ಅಂಟುತ್ತದೆ, ಅದಕ್ಕೇ ನಿಧಾನ

ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಭಾರ ಮತ್ತು ಒತ್ತಡ, ಟೈರಿನ ಅಗಲವಲ್ಲ. ಹಿಂಚಕ್ರದ ಮೇಲೆ 44 ಕಿಲೊ ಭಾರವಿದ್ದು ಟೈರಿನಲ್ಲಿ 70 ಪಿಎಸ್‌ಐ ಇದ್ದರೆ ಆ ವಿಸ್ತೀರ್ಣ ಸುಮಾರು 9 ಚದರ ಸೆಂಟಿಮೀಟರ್. ಟೈರು ಕಿರಿದಾದರೆ ಅಷ್ಟೇ ಜಾಗ ಉದ್ದಕ್ಕೆ ಹರಡುತ್ತದೆ, ಅಗಲವಾದರೆ ಅಡ್ಡಕ್ಕೆ. ಉದ್ದಕ್ಕೆ ಹರಡಿದಾಗ ಟೈರಿನ ಪಕ್ಕಗಳು ಹೆಚ್ಚು ಕುಸಿದು ಬಾಗಬೇಕಾಗುತ್ತದೆ. ಆದ್ದರಿಂದ ಒಂದೇ ಒತ್ತಡ, ಒಂದೇ ತಯಾರಿಕೆಯ ಎರಡು ಟೈರುಗಳಲ್ಲಿ ಅಗಲದ್ದೇ ಸುಲಭವಾಗಿ ಉರುಳುತ್ತದೆ. ಅಗಲ ಟೈರಿಗೆ ತೂಕ ಹೆಚ್ಚು, ಹೆಚ್ಚು ವೇಗದಲ್ಲಿ ಎದುರುಗಾಳಿಯ ತಡೆಯೂ ತುಸು ಹೆಚ್ಚು. ರಿಮ್ಮು ಟೈರಿಗಿಂತ ಅಗಲವಾಗಿದ್ದರೆ ಈ ಎರಡನೆಯ ನಷ್ಟ ಬಹುಪಾಲು ತಗ್ಗುತ್ತದೆ. ಸುಮಾರು 55 ಕಿ.ಮೀ. ಕಲ್ಲುಹಾಸಿನ ದಾರಿಯಿರುವ ಪ್ಯಾರಿಸ್–ರೂಬೆ ರೇಸನ್ನು 2024ರಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಗೆದ್ದದ್ದು ಗಂಟೆಗೆ 47.8 ಕಿ.ಮೀ. ಸರಾಸರಿಯಲ್ಲಿ. ಅಲ್ಲಿಯವರೆಗೆ ಆ ರೇಸು ಅಷ್ಟು ವೇಗವಾಗಿ ಎಂದೂ ಓಡಿರಲಿಲ್ಲ, ಅದೂ ಅಗಲ ಟೈರುಗಳ ಕಾಲದಲ್ಲಿ.

ತಪ್ಪು ಕಲ್ಪನೆ: ಟೈರು ಯಾವುದಾದರೇನು, ಪಿಎಸ್‌ಐ ಪಿಎಸ್‌ಐಯೇ

ಗಾಳಿ ಟೈರಿನ ನೂಲಿನ ಪದರವನ್ನು ಎಳೆದು ಬಿಗಿಯುತ್ತದೆ. ಈ ಬಿಗಿತ ಒತ್ತಡವನ್ನಷ್ಟೇ ಅವಲಂಬಿಸಿಲ್ಲ. ಒತ್ತಡವನ್ನು ಟೈರಿನ ಅಡ್ಡಕೊಯ್ತದ ತ್ರಿಜ್ಯದಿಂದ ಗುಣಿಸಿದರೆ ಬರುವುದು ಬಿಗಿತ. 23 ಮಿ.ಮೀ. ಟೈರು 100 ಪಿಎಸ್‌ಐಯಲ್ಲಿ ಎಷ್ಟು ಬಿಗಿಯಾಗಿರುತ್ತದೋ 28 ಮಿ.ಮೀ. ಟೈರು 82 ಪಿಎಸ್‌ಐಯಲ್ಲಿ, 32 ಮಿ.ಮೀ. ಟೈರು 72 ಪಿಎಸ್‌ಐಯಲ್ಲಿ ಅಷ್ಟೇ ಬಿಗಿಯಾಗಿರುತ್ತವೆ. 32 ಮಿ.ಮೀ. ಟೈರಿಗೆ 100 ಹೊಡೆದರೆ ಅದು ಹಳೆಯ 23 ಮಿ.ಮೀ. ಟೈರಿಗೆ 139 ಹೊಡೆದ ಹಾಗೆ. ಟೈರು ಅಗಲವಾದಂತೆ ಅದರ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿ ಇಳಿಯುವುದಕ್ಕೂ ಇದೇ ಕಾರಣ. ಆ ಅಂಕಿ ದಾಟಬಾರದ ಗೆರೆ, ತುಂಬಬೇಕಾದ ಅಳತೆಯಲ್ಲ. ರಿಮ್ಮಿನ ಮೇಲೆ ಇನ್ನೊಂದು ಮಿತಿ ಬರೆದಿದ್ದರೆ ಎರಡರಲ್ಲಿ ಕಡಿಮೆಯದೇ ಕಟ್ಟು.

ಹೆಬ್ಬೆರಳಿನಿಂದ ಅದುಮಿ ನೋಡುವ ರೂಢಿ ದಾರಿ ತಪ್ಪಿಸುವುದೂ ಇಲ್ಲೇ. ಬೆರಳಿಗೆ ತಿಳಿಯುವುದು ಒತ್ತಡವಲ್ಲ, ಬಿಗಿತ.

ಹಾಗಾದರೆ ಸರಿಯಾದ ಅಂಕಿ ಯಾವುದು? ಅಮೆರಿಕದ ಫ್ರಾಂಕ್ ಬರ್ಟೊ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ಸೂತ್ರ ಒಳ್ಳೆಯ ಆರಂಭ ಕೊಡುತ್ತದೆ: ಸವಾರ ಕೂತಾಗ ಟೈರಿನ ಎತ್ತರ ಶೇ. 15ರಷ್ಟು ಕುಸಿಯಬೇಕು. 28 ಮಿ.ಮೀ. ಟೈರಿಗೆ ಇದು ನಾಲ್ಕು ಮಿಲಿಮೀಟರಿನಷ್ಟು. ಸವಾರನೂ ಸೈಕಲ್ಲೂ ಸೇರಿ 80 ಕಿಲೊ ಇದ್ದರೆ ಹಿಂಚಕ್ರದ ಮೇಲೆ ಬೀಳುವುದು ಸುಮಾರು 44 ಕಿಲೊ. ಆ ಭಾರಕ್ಕೆ 23 ಮಿ.ಮೀ. ಟೈರಿಗೆ ಸುಮಾರು 98 ಪಿಎಸ್‌ಐ ಬೇಕಾದರೆ 25ಕ್ಕೆ 85, 28ಕ್ಕೆ 70, 32ಕ್ಕೆ 55 ಸಾಕು. ಮುಂಚಕ್ರದ ಮೇಲೆ ಭಾರ ಕಡಿಮೆ. ಅಲ್ಲಿ ಹಿಂದಿನದಕ್ಕಿಂತ ಐದರಿಂದ ಹತ್ತು ಪಿಎಸ್‌ಐ ಕಡಿಮೆ ಇರಬೇಕು. ಎರಡಕ್ಕೂ ಒಂದೇ ಒತ್ತಡ ಹೊಡೆಯುವ ಅಭ್ಯಾಸ ಬಹಳ ಮಂದಿಗಿದೆ. ಹಾಗಾದಾಗ ಮುಂದಿನ ಟೈರು ಅಗತ್ಯಕ್ಕಿಂತ ಗಟ್ಟಿಯಾಗಿ, ತಿರುವಿನಲ್ಲಿ ಹಿಡಿತ ಬೇಕಾದಾಗಲೇ ಜಾರುತ್ತದೆ. ಇಲ್ಲಿಂದ ಮುಂದೆ ಎರಡೆರಡು ಪಿಎಸ್‌ಐ ಇಳಿಸುತ್ತಾ ಪರಿಚಿತ ರಸ್ತೆಯಲ್ಲಿ ಓಡಿಸಿ ನೋಡಬೇಕು. ತಿರುವಿನಲ್ಲಿ ಟೈರು ಅತ್ತಿತ್ತ ಒಲೆದಂತಾದರೆ, ಗುಂಡಿಯಲ್ಲಿ ರಿಮ್ಮು ನೆಲಕ್ಕೆ ಬಡಿದರೆ ಇಳಿಸಿದ್ದು ಅತಿಯಾಯಿತು.

ಲೆಕ್ಕಕ್ಕೆ ಹಿಡಿಯಬೇಕಾದ ಅಗಲ ಟೈರಿನ ಮೇಲೆ ಬರೆದದ್ದಲ್ಲ, ರಿಮ್ಮಿಗೆ ಹಾಕಿ ಗಾಳಿ ತುಂಬಿದ ಮೇಲೆ ಅಳೆದದ್ದು. 28 ಎಂದು ಬರೆದ ಟೈರು ಒಳಗಲ ಹೆಚ್ಚಿರುವ ಇಂದಿನ ರಿಮ್ಮಿನಲ್ಲಿ 30 ಮಿ.ಮೀ. ಆಗುವುದುಂಟು, ಅಲ್ಲಿಗೆ ಏಳೆಂಟು ಪಿಎಸ್‌ಐ ವ್ಯತ್ಯಾಸ.

ಪಂಪಿನ ಮಾಪಕವೂ ಪೂರ್ತಿ ನಂಬತಕ್ಕದ್ದಲ್ಲ. 160 ಪಿಎಸ್‌ಐವರೆಗೆ ತೋರಿಸುವ ಮಾಪಕದಲ್ಲಿ ಶೇ. 3ರ ದೋಷವಿದ್ದರೆ ಅದು ಐದು ಪಿಎಸ್‌ಐ. ಆದರೂ ಸದಾ ಒಂದೇ ಪಂಪು ಬಳಸಿದರೆ ತೊಂದರೆಯಿಲ್ಲ, ದೋಷ ಪ್ರತಿ ಸಲ ಒಂದೇ ಆಗಿರುತ್ತದೆ. ಪಂಪು ಕಳಚುವಾಗ ಬುಸ್ಸೆನ್ನುವ ಗಾಳಿ ಟ್ಯೂಬಿನದೆಂದು ಎರಡು ಹೊಡೆತ ಹೆಚ್ಚು ಹಾಕುವವರಿದ್ದಾರೆ. ಅದು ಪಂಪಿನ ಕೊಳವೆಯೊಳಗಿನ ಗಾಳಿ. ಟೈರಿನದು ಟೈರಿನಲ್ಲೇ ಇರುತ್ತದೆ.

ತಪ್ಪು ಕಲ್ಪನೆ: ಗಾಳಿ ಕಡಿಮೆಯಾದರೆ ಪಂಕ್ಚರ್ ಖಚಿತ

ಪಂಕ್ಚರ್‌ನಲ್ಲಿ ಎರಡು ಬಗೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುವುದು ಒಂದು. ಇದು ಗಾಳಿ ಕಡಿಮೆಯಾದಾಗ ಆಗುವುದು ನಿಜ. ಆದರೆ ಟೈರು ಅಗಲವಾದಂತೆ ಎತ್ತರವೂ ಹೆಚ್ಚುವುದರಿಂದ ರಿಮ್ಮು ನೆಲ ಮುಟ್ಟಲು ಹೆಚ್ಚು ದೂರ ಕುಸಿಯಬೇಕು; 23 ಮಿ.ಮೀ.ಗೆ ಅಪಾಯವಾದ 70 ಪಿಎಸ್‌ಐ 28 ಮಿ.ಮೀ.ಗೆ ಸುರಕ್ಷಿತ. ಇನ್ನೊಂದು ಬಗೆ ಮುಳ್ಳು, ಗಾಜು, ತಂತಿಯ ಚೂರಿನದು. ಉತ್ತರ ಕರ್ನಾಟಕದ ರಸ್ತೆಬದಿಗಳಲ್ಲಿ ಬೆಳೆದುನಿಂತಿರುವ ಬಳ್ಳಾರಿ ಜಾಲಿಯ ಮುಳ್ಳಿಗೆ ಗಟ್ಟಿ ಟೈರು ಯಾವ ತಡೆಯೂ ಅಲ್ಲ. ಅಲ್ಲಿ ಸಹಾಯಕ್ಕೆ ಬರುವುದು ಟೈರಿನ ರಕ್ಷಣಾ ಪದರ, ಅಥವಾ ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್.

ಮಳೆಯಲ್ಲಿ ಗಾಳಿ ಕಡಿಮೆಯಿದ್ದರೆ ಟೈರು ನೀರಿನ ಮೇಲೆ ತೇಲಿ ಜಾರುತ್ತದೆಂಬ ಭಯಕ್ಕೂ ಆಧಾರವಿಲ್ಲ. ವಿಮಾನದ ಟೈರುಗಳಿಗೆಂದು ನಾಸಾ ರೂಪಿಸಿದ ಸೂತ್ರವನ್ನು ಹಚ್ಚಿದರೆ 64 ಪಿಎಸ್‌ಐ ಟೈರು ತೇಲಲು ಗಂಟೆಗೆ 133 ಕಿ.ಮೀ. ವೇಗ ಬೇಕು. ಒದ್ದೆ ರಸ್ತೆಯಲ್ಲಿ ಐದು ಪಿಎಸ್‌ಐ ಇಳಿಸಿದರೆ ಟೈರು ಡಾಂಬರಿನ ತಗ್ಗುದಿಣ್ಣೆಗಳನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ತಪ್ಪು ಕಲ್ಪನೆ: ಬೇಸಿಗೆಯ ಬಿಸಿಲಿಗೆ ಟೈರು ಒಡೆಯುತ್ತದೆ

ತಂಪು ಮುಂಜಾನೆ 20 ಡಿಗ್ರಿಯಲ್ಲಿ 70 ಪಿಎಸ್‌ಐ ತುಂಬಿದ ಟೈರು 45 ಡಿಗ್ರಿಗೆ ಬಿಸಿಯಾದರೆ ಒಳಗಿನ ಒತ್ತಡ ಸುಮಾರು 77ಕ್ಕೆ ಏರುತ್ತದೆ. ಸರಿಯಾದ ಸ್ಥಿತಿಯಲ್ಲಿರುವ ಟೈರು ಇಷ್ಟಕ್ಕೆ ಒಡೆಯುವುದಿಲ್ಲ. ಎತ್ತರದ ಪರಿಣಾಮ ಇನ್ನೂ ಅಲ್ಪ. ನಂದಿ ಬೆಟ್ಟದ ಬುಡದಿಂದ ತುದಿಗೆ ಹೋದರೆ ಒಂದು ಪಿಎಸ್‌ಐ ಕೂಡ ಹೆಚ್ಚುವುದಿಲ್ಲ.

ಆದರೆ ಈ ಏಳು ಪಿಎಸ್‌ಐ ಗಂಭೀರವಾಗುವ ಒಂದು ಸಂದರ್ಭವಿದೆ. ಅಂಚಿನಲ್ಲಿ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ಮುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹಾಕಿರುವ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಸಾಮಾನ್ಯ ರಿಮ್ಮಿನಲ್ಲಿ ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆ ಇಲ್ಲಿಲ್ಲ. ಒತ್ತಡ ಮಿತಿ ಮೀರಿದರೆ ಟೈರು ರಿಮ್ಮಿನಿಂದ ಕಳಚಬಹುದು. ಇಂಥ ರಿಮ್ಮಿಗೆ ಅದಕ್ಕೆಂದೇ ಒಪ್ಪಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು, ಬಿಸಿಲಿನ ಏರಿಕೆಗೂ ಜಾಗ ಬಿಟ್ಟು ಗಾಳಿ ತುಂಬಬೇಕು. ಸವಾರನೂ ಸೈಕಲ್ಲೂ ಸೇರಿ 100 ಕಿಲೊ ಇದ್ದರೆ ಮೇಲಿನ ಸೂತ್ರದ ಪ್ರಕಾರ 28 ಮಿ.ಮೀ. ಹಿಂಟೈರಿಗೆ ಸುಮಾರು 90 ಪಿಎಸ್‌ಐ ಬೇಕಾಗುತ್ತದೆ, ಅದು ಮಿತಿಯಾಚೆ. 32 ಮಿ.ಮೀ. ಟೈರಿಗೂ 70ರ ಆಸುಪಾಸು ಬೇಕು, ಬಿಸಿಲಿಗೆ ಜಾಗವೇ ಉಳಿಯುವುದಿಲ್ಲ. ಅಷ್ಟು ಭಾರವಿರುವವರು ಹುಕ್‌ಲೆಸ್ ರಿಮ್ಮಿಗೆ 35 ಮಿ.ಮೀ. ಅಥವಾ ಅದಕ್ಕೂ ಅಗಲದ ಟೈರು ಹಾಕಬೇಕು. ಫ್ರೇಮಿನಲ್ಲಿ ಅದಕ್ಕೆ ಸ್ಥಳವಿಲ್ಲದಿದ್ದರೆ ಕೊಕ್ಕೆಯಿರುವ ರಿಮ್ಮನ್ನೇ ಆರಿಸಬೇಕು.