ಬೈಗುಳಕ್ಕೂ ಒಂದು ಲೆಕ್ಕವಿದೆ

ಬೆಂಗಳೂರಿನ ಲಗ್ಗೆರೆಯ ವಠಾರವೊಂದರಲ್ಲಿ ಭಾನುವಾರ ಬಟ್ಟೆ ಒಗೆಯುತ್ತ ಮಾತಿಗೆ ಸಿಕ್ಕ ಗಾರ್ಮೆಂಟ್ಸ್ ಟೈಲರ್ ಒಬ್ಬರು ಒದ್ದೆ ಬೆರಳಿನಿಂದ ಸಿಮೆಂಟ್ ಕಟ್ಟೆಯ ಮೇಲೆ ತಮ್ಮ ಲೈನಿನ ಬೋರ್ಡನ್ನು ಬರೆದು ತೋರಿಸಿದರು. ಮೊದಲು ಗಂಟೆ, ನಡುವೆ ಟಾರ್ಗೆಟ್, ಕೊನೆಗೆ ಆದ ಪೀಸ್. ‘ಕೊನೇ ನಂಬರ್ ಕಮ್ಮಿ ಬಂತು ಅಂದ್ರೆ ಮುಗೀತು ಅಕ್ಕ. ಅಪ್ಪ ಅಮ್ಮನ್ನೂ ಸೇರಿಸಿ ಬೈತಾರೆ, ಇಡೀ ಲೈನಿಗೆ ಕೇಳೋ ಹಂಗೆ.’ ಆಕೆ ಕಾಲರ್ ಕೂರಿಸುವವರು. ಹಿಂದಿನ ಮಿಷಿನ್‌ನಿಂದ ಬಂಡಲ್ ತಡವಾಗಿ ಬಂದರೂ ಬೈಗುಳ ಇವರಿಗೇ.

ಆ ಬೋರ್ಡು ಇನ್ನೂ ನನ್ನ ತಲೆ ತಿನ್ನುತ್ತಿದೆ. ಒಂದು ಉಡುಪು ಹೊಲಿಯಲು ಇಷ್ಟು ನಿಮಿಷವೆಂದು ಗೊತ್ತುಮಾಡಿದ್ದಕ್ಕೆ ಗಾರ್ಮೆಂಟ್ಸ್‌ನವರು ‘ಸ್ಯಾಮ್’ ಎನ್ನುತ್ತಾರೆ. ಶರ್ಟಿನ ಸ್ಯಾಮ್ 20, ಲೈನಿನಲ್ಲಿ 40 ಟೈಲರ್‌ಗಳು ಎಂದುಕೊಳ್ಳಿ. ಗಂಟೆಗೆ 2,400 ನಿಮಿಷ, ಅಂದರೆ 120 ಶರ್ಟ್. ಇದು ನೂರಕ್ಕೆ ನೂರು ಎಫಿಷಿಯೆನ್ಸಿ. 60 ಪರ್ಸೆಂಟ್ ಹಿಡಿದರೆ 72, 75 ಹಿಡಿದರೆ 90. ಈ ಪರ್ಸೆಂಟ್ ಏರಿಸಲು ಆಫೀಸಿನಲ್ಲಿ ಒಂದು ಪೆನ್ನಿದ್ದರಾಯಿತು. ಹೆಚ್ಚಾದ 18 ಶರ್ಟ್ ಹೊಲಿಯಬೇಕಾದವರು ಅದೇ 40 ಜನ. ಆಯಾಸಕ್ಕೆಂದು ಸ್ಯಾಮ್‌ನಲ್ಲಿ ಒಂದಿಷ್ಟು ರಿಯಾಯಿತಿ ಸೇರಿಸಿರುತ್ತಾರೆ, ನಿಜ. ಆದರೂ ಶೌಚಾಲಯಕ್ಕೆ ಏಳಬೇಕಾದೀತೆಂದು ಆಕೆ ನೀರೇ ಕುಡಿಯುವುದಿಲ್ಲ. ಉರಿಮೂತ್ರಕ್ಕೆ ಮಾತ್ರೆ ನುಂಗುತ್ತಾರೆ. ಇದಕ್ಕೆಲ್ಲ ಅಲ್ಲಿನವರ ಹೆಸರು ‘ಪ್ರೊಡಕ್ಷನ್ ಟಾರ್ಚರ್’.

ಬೈಯುವ ಸೂಪರ್‌ವೈಸರ್‌ಗೆ ಫ್ಲೋರ್ ಇನ್‌ಚಾರ್ಜ್ ಬೈಯುತ್ತಾನೆ. ಮಾಲು ಹಡಗಿಗೆ ತಪ್ಪಿದರೆ ವಿಮಾನದ ಖರ್ಚು ಕಾರ್ಖಾನೆಯ ತಲೆಗೇ ಬರಬಹುದೆಂಬ ಭಯ ಮ್ಯಾನೇಜರನದು.

ಉದ್ಯೋಗಸ್ಥಳದ ಇಂಥ ಕಿರುಕುಳವನ್ನು ಸ್ವೀಡನ್ನಿನಲ್ಲಿ 1980ರ ದಶಕದಲ್ಲೇ ಮನೋವಿಜ್ಞಾನಿ ಹೈಂಝ್ ಲೇಮನ್ ಅಧ್ಯಯನ ಮಾಡಿದ್ದರು. ಆ ದೇಶ 1993ರಲ್ಲಿ ಅದರ ವಿರುದ್ಧ ನಿಯಮ ತಂದಿತು. ನಮ್ಮ 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಸೀಮಿತ. ಬೈಗುಳ, ಅವಮಾನಗಳನ್ನೂ ಒಳಗೊಳ್ಳುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಡಂಬಡಿಕೆ 2019ರಲ್ಲಿ ಬಂತು. ಭಾರತ ಅದನ್ನು ಅನುಮೋದಿಸಿಲ್ಲ.

ಈ ಟೈಲರ್‌ಗಳು ಬಾಯಿಲ್ಲದವರು ಎನ್ನುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಮಿತಿ ಹಾಕಿದ ನಿಯಮದ ವಿರುದ್ಧ ಇದೇ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಿಳಿದಾಗ ಕೇಂದ್ರ ಸರ್ಕಾರವೇ ಹಿಂದೆ ಸರಿಯಿತು. ಆದರೆ ಪಿಎಫ್ ಎಲ್ಲರಿಗೂ ಒಂದೇ ದಿನ ತಟ್ಟಿತು; ಬೈಗುಳ ತಟ್ಟುವುದು ಒಬ್ಬೊಬ್ಬರಿಗೇ. ಎದುರಾಡಿದವರಿಗೆ ಮರುದಿನ ಗೊತ್ತಿಲ್ಲದ ಮಿಷಿನ್. ತಡೆಯಲಾಗದವರು ಕೆಲಸ ಬಿಟ್ಟು ಇನ್ನೊಂದು ಗೇಟಿಗೆ ಹೋಗುತ್ತಾರೆ.

ಸೂಪರ್‌ವೈಸರ್‌ಗಳಿಗೆ ಸೌಜನ್ಯ ಕಲಿಸುವ ತರಬೇತಿಗಳ ಮೇಲೆ ನನಗೆ ನಂಬಿಕೆ ಕಮ್ಮಿ. ಪರ್ಸೆಂಟ್ ಏರಿಸುವ ಮೊದಲು ಟೈಲರ್‌ಗಳನ್ನೂ ಕೂರಿಸಿಕೊಂಡು ಲೆಕ್ಕ ಹಾಕಲಿ. ‘ಇಷ್ಟಾಗಲ್ಲ’ ಎಂದು ಅಲ್ಲೇ ಹೇಳುವ ಹಕ್ಕು ಅವರಿಗಿರಲಿ.